ಆ ಜುಲೈ ತಿಂಗಳು ನಮ್ಮ ಜಗಲೀಲಿ

2025ರ ನವೆಂಬರ್ 17ಕ್ಕೆ ಢಾಕಾದ ಕೋರ್ಟಲ್ಲಿ, 2024ರ ವಿದ್ಯಾರ್ಥಿ ಚಳವಳಿ ಹತ್ತಿಕ್ಕಿದ ಕೇಸಲ್ಲಿ, ಬಾಂಗ್ಲಾದೇಶದ ಹಳೇ ಪ್ರಧಾನಿ ಶೇಖ್ ಹಸೀನಾಗೆ ಮರಣದಂಡನೆ ಅಂತ ತೀರ್ಪು ಬಂತಲ್ಲ, ಆವಾಗ ನಮ್ಮನೇಲಿ ಟಿವಿ ಹಾಕಿತ್ತು. ಮಾವ ಕುರ್ಚೀಲಿ ಕೂತಿದ್ರು, ಕಾಲಿಗೆ ಶಾಲು ಹೊದ್ದುಕೊಂಡು. ಕೇಸು ನಡೆದಿದ್ದು ಆಕೆ ಇಲ್ದೇನೇ, ಆಗ ಆಕೆ ಇಲ್ಲೇ ನಮ್ಮ ದೇಶದಲ್ಲೇ ಇದ್ರು. ಮಾವ ವಾಲ್ಯೂಮ್ ಕಮ್ಮಿ ಮಾಡಿ "ಈ ಕೋರ್ಟು ಅವಳೇ ಶುರು ಮಾಡಿದ್ದು, ಗೊತ್ತುಂಟಾ ನಿಂಗೆ, 71ರಲ್ಲಿ ಕೊಂದೋರ್ನ ಹಿಡಿದು ಶಿಕ್ಷೆ ಕೊಡ್ಲಿಕ್ಕೆ ಅಂತ 2010ರಲ್ಲಿ" ಅಂದ್ರು. ಆಮೇಲೆ ತುಂಬಾ ಹೊತ್ತು ಎಂತದೂ ಮಾತಾಡ್ಲಿಲ್ಲ. ನಂಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಒಂದೂವರೆ ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ಕಣ್ಮುಂದೆ ಬಂತು, ಅವತ್ತೇ ಬರ್ದಿಡ್ಬೇಕಿತ್ತು ಅನ್ನಿಸಿ ಈಗ ಕೂತು ಬರೀತಿದೀನಿ.

ನಮ್ದು ಸಿದ್ದಾಪುರದ ಹತ್ರ ಸಣ್ಣ ತೋಟ, ರೊಬಸ್ಟಾ, ಮರಕ್ಕೆ ಹಬ್ಬಿದ ಮೆಣಸು. ಮಾವ ಮಿಲಿಟರೀಲಿ ಇದ್ದು ಸುಬೇದಾರ್ ಆಗಿ ರಿಟೈರ್ ಆದೋರು. ಕೊಡಗಲ್ಲಿ ಇದೇನು ವಿಶೇಷ ಅಲ್ಲ, ಪ್ರತೀ ಊರಲ್ಲೂ ಇಬ್ರು ಮೂವರು ಇರ್ತಾರೆ. ಆದ್ರೆ ಮಾವ 1971ರಲ್ಲಿ ಪೂರ್ವದ ಕಡೆ ಇದ್ದೋರು, ಜೆಸ್ಸೋರ್ ಕಡೆಯಿಂದ ಒಳಗೆ ಹೋದ ಪಲ್ಟನ್ ಜೊತೆ, ಆಗ ಅವ್ರಿಗೆ 22 ವರ್ಷ. ಬಾಂಗ್ಲಾದೇಶ ಅಂದ್ರೆ ಅವ್ರಿಗೆ ಭೂಪಟದ ದೇಶ ಅಲ್ಲ. ದಾರಿ ಬದಿ ನಿಂತು ಜೊಯ್ ಬಾಂಗ್ಲಾ ಅಂತ ಕೂಗ್ತಿದ್ದ ಜನ, ಸುಟ್ಟು ಹೋದ ಹುಲ್ಲಿನ ಮನೆಗಳು, ಬಾವಿ ಹತ್ರ ಹೋಗ್ಬೇಡಿ ಅಂತ ತಡೆದ ಒಬ್ಬ ಮುದುಕ, ಇದನ್ನ ಅವ್ರು ಮೂರ್ನಾಲ್ಕು ಸಲ ಮಾತ್ರ ಹೇಳಿದಾರೆ ನನ್ನ ಹತ್ರ, ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷದಲ್ಲಿ.

ಇನ್ನೊಬ್ಬ ನಮ್ಮ ತೋಟದಲ್ಲಿ ಕೆಲಸಕ್ಕಿರೋ ಹುಡುಗ, ಅಸ್ಸಾಮಿನ ಬಾರ್ಪೇಟಾ ಕಡೆಯವ, ಮುಸ್ಲಿಂ ಹುಡುಗ, ಹೆಸರು ಬರಿಯಲ್ಲ. ಲೈನ್ ಮನೇಲಿ ಅವನ ಕಡೆಯೋರೇ ಐದಾರು ಜನ ಇದಾರೆ. ಈಗ ಕೊಡಗಿನ ತೋಟಗಳೆಲ್ಲ ನಿಂತಿರೋದು ಇವ್ರ ಮೇಲೆ, ಮರಗಸಿಗೆ ಗೊಬ್ಬರಕ್ಕೆ ಕುಯ್ಲಿಗೆ ಎಲ್ಲದಕ್ಕೂ, ಇದು ಎಲ್ರಿಗೂ ಗೊತ್ತು, ಬಾಯಲ್ಲಿ ಹೇಳೋರು ಕಮ್ಮಿ. ಅವ್ನು ನನ್ನ ದೀದಿ ಅಂತಾನೆ, ಮಾವನ್ನ ಸುಬೇದಾರ್ ಸಾಬ್ ಅಂತಾನೆ. ಬಂಗಾಳಿ ಚೆನ್ನಾಗಿ ಅರ್ಥ ಆಗತ್ತೆ ಅವ್ನಿಗೆ.

2024ರ ಜುಲೈ. ಮಳೆ ಅಂದ್ರೆ ಮಳೆ, ಸ್ಕೂಲಿಗೆಲ್ಲ ರಜೆ ಮೇಲೆ ರಜೆ, ಕರೆಂಟು ಹೋದ್ರೆ ಮೂರು ದಿನ, ಟವರಿನ ಬ್ಯಾಟ್ರಿ ಮುಗಿದ್ರೆ ಫೋನೂ ಇಲ್ಲ. ನನ್ನ ಮಗಳು ಮಂಗಳೂರಲ್ಲಿ ಹಾಸ್ಟೆಲ್ಲಲ್ಲಿದ್ದು ಡಿಗ್ರಿ ಓದ್ತಿದ್ಲು. 15ನೇ ತಾರೀಕು ಸಂಜೆ ಅವಳು ಫೋನ್ ಮಾಡಿ "ಅಮ್ಮ, ಢಾಕಾ ಯೂನಿವರ್ಸಿಟೀಲಿ ನಿನ್ನೆ ರಾತ್ರಿ ಹುಡ್ಗೀರು ಹಾಸ್ಟೆಲ್ ಗೇಟಿನ ಬೀಗ ಒಡೆದು ಹೊರಗೆ ಬಂದಿದಾರೆ, ತಟ್ಟೆ ಚಮಚ ಬಡೀತಾ" ಅಂದ್ಲು. ಅವಳ ದನಿಯಲ್ಲಿ ಒಂಥರಾ ನಡುಕ ಇತ್ತು. ಅವಳ ಹಾಸ್ಟೆಲ್ ಗೇಟು ಸಂಜೆ ಆರೂವರೆಗೆ ಹಾಕ್ತಾರೆ. ನಾನು ನೀನು ಸುಮ್ನೆ ಓದ್ಕೋ ಅಂದೆ. ತಾಯಂದಿರ ಬಾಯಲ್ಲಿ ಮೊದಲು ಬರೋದು ಅದೇ ಮಾತು, ಢಾಕಾದ ತಾಯಂದಿರೂ ಅವತ್ತು ಅದನ್ನೇ ಹೇಳಿರ್ತಾರೆ ಅಂತ ಆಮೇಲೆ ಅನ್ನಿಸ್ತು.

ವಿಷಯ ಶುರುವಾಗಿದ್ದು ಸರ್ಕಾರಿ ನೌಕರಿಯ ಮೀಸಲಾತಿ ಮೇಲೆ. 71ರಲ್ಲಿ ಪಾಕಿಸ್ತಾನದಿಂದ ಬಿಡುಗಡೆಗೆ ಹೋರಾಡಿದ ಮುಕ್ತಿಯೋಧರ ಕುಟುಂಬದವ್ರಿಗೆ 30 ಪರ್ಸೆಂಟ್, ಎಲ್ಲಾ ಕೋಟಾ ಸೇರಿದ್ರೆ 56 ಪರ್ಸೆಂಟ್ ಇತ್ತು. 2018ರಲ್ಲಿ ಹುಡುಗರೇ ಹೋರಾಡಿ ಅದನ್ನ ತೆಗೆಸಿದ್ರು, 2024ರ ಜೂನ್‌ನಲ್ಲಿ ಹೈಕೋರ್ಟ್ ಮತ್ತೆ ತಂದ್ಬಿಡ್ತು. ಕೋಟಾ ಅಂದ ತಕ್ಷಣ ನಮ್ಮವ್ರು ನಮ್ಮ ಮೀಸಲಾತಿ ತಕ್ಕಡೀಲಿ ತೂಗಕ್ಕೆ ಶುರು ಮಾಡಿದ್ರು, ನಮ್ಮ ಸಂಬಂಧಿಕರ ಗ್ರೂಪಲ್ಲಿ ಒಬ್ರು "ನೋಡಿ ಅಲ್ಲಿಯ ಹುಡುಗರಿಗೆ ಧೈರ್ಯ ಉಂಟು" ಅಂತ ಹಾಕಿದ್ರು, ನಂಗೆ ಅದು ಸರಿ ಕಾಣ್ಲಿಲ್ಲ. ಅಲ್ಲಿ ಹುಡುಗರು ಬೇಡ ಅಂದಿದ್ದು ತಲೆಮಾರಿಂದ ತುಳಿಸ್ಕೊಂಡೋರಿಗೆ ಸಿಗೋ ಸೌಲಭ್ಯ ಅಲ್ಲ, ಅಂಗವಿಕಲರಿಗೆ ಬುಡಕಟ್ಟಿನವ್ರಿಗೆ ಇರ್ಲಿ ಅಂತಾನೇ ಹೇಳ್ತಿದ್ರು. ಆಳೋ ಪಕ್ಷ ತನ್ನವ್ರಿಗೆ ಕೆಲಸ ಕೊಡ್ಲಿಕ್ಕೆ ಮಾಡ್ಕೊಂಡ ಹಿಂಬಾಗಿಲು ಅದು ಅನ್ನೋದು ಅವ್ರ ಸಿಟ್ಟು. ಅದ್ರ ಹಿಂದೆ ಹದಿನೈದು ವರ್ಷದ್ದು ಬೇರೆ ಇತ್ತು, 2009ರಿಂದ ಒಬ್ರೇ ಪ್ರಧಾನಿ, 2024ರ ಜನವರೀಲಿ ಮುಖ್ಯ ವಿರೋಧ ಪಕ್ಷ ಇಲ್ದೇನೇ ನಡೆದ ಚುನಾವಣೆ, ರಾತ್ರಿ ಮನೆಯಿಂದ ಎತ್ಕೊಂಡು ಹೋಗಿ ವರ್ಷಗಟ್ಲೆ ಕತ್ಲೆ ಕೋಣೇಲಿ ಇಟ್ಟ ಜನ. ಇಪ್ಪತ್ತು ವರ್ಷದ ಮಕ್ಕಳು ಬುದ್ಧಿ ಬಂದಾಗಿಂದ ಬೇರೆ ಸರ್ಕಾರಾನೇ ನೋಡಿಲ್ಲ.

14ಕ್ಕೆ ಹಸೀನಾ ಪತ್ರಕರ್ತರ ಮುಂದೆ, ಮುಕ್ತಿಯೋಧರ ಮೊಮ್ಮಕ್ಕಳಿಗೆ ಕೊಡ್ದೆ ರಜಾಕಾರರ ಮೊಮ್ಮಕ್ಕಳಿಗೆ ಕೊಡ್ಬೇಕಾ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ರಜಾಕಾರ್ ಅನ್ನೋ ಪದ ನಮ್ಗೆ ಕನ್ನಡದವ್ರಿಗೂ ಗೊತ್ತಿರೋದೇ, ಬೀದರ್ ಕಲಬುರಗಿ ಕಡೆ ಅಜ್ಜಿಯಂದಿರು ಇವತ್ತಿಗೂ ಆ ಹೆಸರು ಕೇಳಿದ್ರೆ ಮುಖ ಸಣ್ಣ ಮಾಡ್ತಾರೆ. ಇವ್ರು ಬೇರೆ, 71ರಲ್ಲಿ ಪಾಕಿಸ್ತಾನದ ಸೈನ್ಯದ ಜೊತೆ ಸೇರಿ ತಮ್ಮ ಊರಿನವ್ರನ್ನೇ ಹಿಡಿದು ಕೊಟ್ಟೋರು. ಅದಕ್ಕಿಂತ ಕೆಟ್ಟ ಬೈಗುಳ ಆ ದೇಶದಲ್ಲಿ ಇಲ್ಲ.

ಎರಡು ದಿನ ಕಳೆದು ಕರೆಂಟ್ ಬಂದಾಗ ಟಿವೀಲಿ ತೋರಿಸಿದ್ರು, ರಾತ್ರಿ ಹೊತ್ತು ಸಾವಿರಾರು ಹುಡುಗ್ರು ಹುಡ್ಗೀರು ನಾವು ರಜಾಕಾರ್ ಅಂತ ಕೂಗ್ತಾ ಇರೋದು. ನಿರೂಪಕ ಗಂಟಲು ಹರ್ಕೊಂಡು, ನೋಡಿ ಇವ್ರ ಬಣ್ಣ ಬಯಲು ಅಂತ. ಮಾವ ಎದ್ದು ನಿಂತ್ಬಿಟ್ರು. ನಾನು ಅವ್ರನ್ನ ಅಷ್ಟು ಸಿಟ್ಟಲ್ಲಿ ಯಾವತ್ತೂ ನೋಡಿರ್ಲಿಲ್ಲ, ಕೈ ನಡುಗ್ತಾ ಇತ್ತು, "ನಮ್ಮ ಹುಡುಗ್ರು ಸತ್ತಿದ್ದು ಇದಕ್ಕಾ, ಇದನ್ನ ಕೇಳ್ಲಿಕ್ಕಾ ನಾನು ಬದುಕಿರೋದು" ಅಂದ್ರು. ಕೂತ್ಕೊಳ್ಳಿ ಮಾವ ಅಂದ್ರೆ ಕೇಳ್ಲಿಲ್ಲ, ಟಿವಿ ಆಫ್ ಮಾಡಿ ಜಗಲಿಗೆ ಹೋದ್ರು.

ಅದೇ ಹೊತ್ತಿಗೆ ಹುಡುಗ ಗೊಪ್ಪೆ ಹೊದ್ಕೊಂಡು ಸ್ಟೋರಿನ ಬೀಗದ ಕೈ ಕೊಡ್ಲಿಕ್ಕೆ ಬಂದ. ಅವನ ಫೋನಲ್ಲೂ ಅದೇ ವಿಡಿಯೋ ಇತ್ತು, ಬಂಗಾಳಿ ಚಾನೆಲ್ಲಿನದ್ದು, ಪೂರ್ತಿ. ಸಾಬ್ ಯಾಕೆ ಹೀಗಿದಾರೆ ಅಂತ ಕೇಳಿದ, ಹೇಳಿದೆ. ಅವ್ನು ಸ್ವಲ್ಪ ಹೊತ್ತು ಯೋಚ್ನೆ ಮಾಡಿ ಮಾವನ ಹತ್ರ ಹೋಗಿ ನೆಲದ ಮೇಲೆ ಕೂತು, ಸಾಬ್ ಇದಕ್ಕೆ ಇನ್ನೊಂದು ಲೈನ್ ಉಂಟು ಅಂದ. ಹಾಕಿದ.

"ತುಮಿ ಕೆ, ಆಮಿ ಕೆ? ರಜಾಕಾರ್, ರಜಾಕಾರ್! ಕೆ ಬೊಲೆಛೆ, ಕೆ ಬೊಲೆಛೆ? ಸ್ವೈರಾಚಾರ್, ಸ್ವೈರಾಚಾರ್!"

ನೀನ್ಯಾರು ನಾನ್ಯಾರು, ರಜಾಕಾರ್ ರಜಾಕಾರ್. ಹಾಗಂದಿದ್ದು ಯಾರು, ಸರ್ವಾಧಿಕಾರಿ. ಅವ್ನು ಹಿಂದಿ ಕನ್ನಡ ಬೆರೆಸಿ ಬಿಡಿಸಿ ಹೇಳಿದ. ಸ್ವೈರಾಚಾರ ಅನ್ನೋ ಪದ ಮಾವಂಗೆ ಅವ್ನು ಹೇಳೋ ಮೊದಲೇ ಅರ್ಥ ಆಗಿತ್ತು, ಕನ್ನಡದಲ್ಲೂ ಉಂಟಲ್ಲ, ಹೇಳೋರು ಕೇಳೋರು ಇಲ್ದೆ ಮನಸ್ಸಿಗೆ ಬಂದ ಹಾಗೆ ನಡೆಯೋದು. ಅಂದ್ರೆ ನಿರೂಪಕ ತೋರಿಸಿದ್ದು ಮೊದಲ ಸಾಲು ಮಾತ್ರ. ಎರಡನೇ ಸಾಲು ಕಟ್ ಮಾಡಿದ್ದು. ಮಾವ ಮೂರು ಸಲ ಹಾಕ್ಸಿದ್ರು. ಆಮೇಲೆ ಹೇಳಿದ್ದು ನಂಗೆ ಇವತ್ತಿಗೂ ನೆನಪುಂಟು, "ಆ ಪದವನ್ನ ಅಷ್ಟು ಅಗ್ಗ ಮಾಡ್ಬಾರ್ದಿತ್ತು ಅವಳು." ಅಷ್ಟೇ. ಮಕ್ಕಳ ಬಗ್ಗೆ ಮತ್ತೆ ಸಿಟ್ಟು ಮಾಡ್ಲಿಲ್ಲ, ಹಾಗಂತ ಒಪ್ಪಿದೀನಿ ಅಂತಲೂ ಹೇಳ್ಲಿಲ್ಲ. ಆದ್ರೆ ಅವತ್ತಿಂದ ದಿನಾ ಸಂಜೆ ಹುಡುಗ ಜಗಲೀಗೆ ಬರೋದು, ಟೀ ಕುಡಿದು ಫೋನ್ ತೋರ್ಸೋದು, ಮಾವ ಕೇಳೋದು ಶುರುವಾಯ್ತು. ಟಿವಿ ನ್ಯೂಸ್ ಆಮೇಲೆ ನಮ್ಮನೇಲಿ ಕಮ್ಮಿಯಾಯ್ತು.

ರಂಗ್‌ಪುರದ ಅಬು ಸಯೀದನ ವಿಡಿಯೋನೂ ಹಾಗೇ ನೋಡಿದ್ದು. ಜುಲೈ 16. ಇಂಗ್ಲಿಷ್ ಓದ್ತಿದ್ದ ಹುಡುಗ, ಯೂನಿವರ್ಸಿಟಿ ಗೇಟಿನ ಮುಂದೆ ಒಬ್ನೇ, ಕೈಯಲ್ಲೊಂದು ಕೋಲು, ಎರಡೂ ಕೈ ಅಗಲ ಮಾಡಿ ನಿಂತ್ಕೊಂಡ, ಎದುರುಗಡೆ ಪೊಲೀಸ್ ಬಂದೂಕು. ಹೊಡೆದ್ರು. ಅವ್ನು ಬೀಳ್ಲಿಲ್ಲ, ಮತ್ತೆ ಕೈ ಅಗಲ ಮಾಡಿದ. ಅದನ್ನ ನೋಡಿದ ಮೇಲೆ ನಾನು ಅಡುಗೆ ಮನೆಗೆ ಹೋಗಿ ಸುಮ್ನೆ ಪಾತ್ರೆ ತೊಳೀತಾ ನಿಂತೆ. ಅವ್ನು ನನ್ನ ಮಗನ ವಯಸ್ಸು ಅಂತ ಎಲ್ರೂ ಬರೀತಾರೆ, ನಂಗೆ ಅನ್ಸಿದ್ದು ಬೇರೆ. ಅಷ್ಟು ಹತ್ರದಲ್ಲಿ ನಿಂತಿದ್ದ ಆ ಪೊಲೀಸನವ್ನಿಗೂ ಹುಡುಗನ ಮುಖ ಕಂಡಿರ್ಬೇಕಲ್ಲ. ಮುಖ ಕಂಡೂ ಹೊಡೆಯೋ ಹಾಗೆ ಒಬ್ಬ ಮನುಷ್ಯನ್ನ ತಯಾರು ಮಾಡಕ್ಕೆ ಎಷ್ಟು ವರ್ಷ ಬೇಕು ಅಂತ.

18ನೇ ತಾರೀಕು ರಾತ್ರಿಯಿಂದ ಇಡೀ ಬಾಂಗ್ಲಾದೇಶದಲ್ಲಿ ಇಂಟರ್ನೆಟ್ಟೇ ಇಲ್ಲ, 19ಕ್ಕೆ ಕರ್ಫ್ಯೂ. ಇಲ್ಲಿ ನಮ್ಗೆ ಮಳೆಗೆ ನೆಟ್ ಹೋಗೋದು, ಅಲ್ಲಿ ಸರ್ಕಾರವೇ ಸ್ವಿಚ್ ಆಫ್ ಮಾಡಿದ್ದು. ಮಳೆಗೆ ಹೋದ್ರೆ ಲೈನ್‌ಮನ್‌ಗೆ ಫೋನ್ ಮಾಡಿ ಯಾವಾಗ ಬರತ್ತೆ ಅಂತ ಕೇಳ್ಬಹುದು. ಅಲ್ಲಿ ಆ ಐದಾರು ದಿನ ಯಾರ ಮಗ ಎಲ್ಲಿದಾನೆ ಅಂತ ಯಾರಿಗೂ ಗೊತ್ತಿಲ್ಲ. ಸತ್ತೋರಲ್ಲಿ ಜಾಸ್ತಿ ಜನ ಸತ್ತಿದ್ದು ಹಾಗೆ ಕತ್ಲೆ ಮಾಡಿದ ದಿನಗಳಲ್ಲಿ ಮತ್ತೆ ಕೊನೇ ಎರಡು ದಿನದಲ್ಲಿ. ಮಿರ್ ಮುಗ್ಧೋ ಅನ್ನೋ ಹುಡುಗ ಉತ್ತರಾ ಅನ್ನೋ ಏರಿಯಾದಲ್ಲಿ 18ಕ್ಕೆ ಗುಂಡೇಟು ತಿಂದ, ಸಾಯೋ ಸ್ವಲ್ಪ ಹೊತ್ತಿನ ಮೊದಲಿನ ವಿಡಿಯೋದಲ್ಲಿ ಅವ್ನು ಅಶ್ರುವಾಯು ಹೊಗೆ ಮಧ್ಯೆ ಕಣ್ಣು ಒರೆಸ್ಕೊಳ್ತಾ ನೀರಿನ ಬಾಟ್ಲಿ ಹಂಚ್ತಿದಾನೆ, "ಪಾನಿ ಲಾಗ್ಬೆ? ಪಾನಿ?" ನೀರು ಬೇಕಾ, ನೀರು. ಇದನ್ನ ತರ್ಜುಮೆ ಮಾಡ್ಬೇಕಾಗೇ ಇರ್ಲಿಲ್ಲ ನಮ್ಗೆ.

21ಕ್ಕೆ ಸುಪ್ರೀಂ ಕೋರ್ಟ್ ಕೋಟಾವನ್ನ 7 ಪರ್ಸೆಂಟಿಗೆ ಇಳಿಸ್ತು. ಅವತ್ತು ಭಾನುವಾರ, ಸಂತೆ ದಿನ. ಅಂಗಡೀಲಿ ಕೂತೋರೆಲ್ಲ ಮುಗೀತಲ್ಲ, ಕೇಳಿದ್ದು ಸಿಕ್ತಲ್ಲ, ಇನ್ನೆಂತ ಬೇಕು ಇವ್ರಿಗೆ ಅಂತಿದ್ರು. ನಂಗೂ ಹಾಗೇ ಅನ್ಸಿತ್ತು ನಿಜ ಹೇಳ್ಬೇಕಂದ್ರೆ. ಮನೆಗೆ ಬಂದು ಮಾವನ ಹತ್ರ ಹೇಳಿದ್ರೆ ಅವ್ರು ಒಂದೇ ಮಾತು ಹೇಳಿದ್ರು, "ಸತ್ತ ಮಕ್ಕಳ ಲೆಕ್ಕ ಕೋರ್ಟ್ ಹೇಳ್ತಾ?"

ಜುಲೈ 30ರ ಬೆಳಗ್ಗೆ ವಯನಾಡು. ಮುಂಡಕ್ಕೈ, ಚೂರಲ್ಮಲ. ನಮ್ಗೆ ಕುಟ್ಟ ದಾಟಿದ್ರೆ ವಯನಾಡು, ನಮ್ಮ ಸಂಬಂಧಿಕರ ಮಕ್ಕಳನ್ನ ಅಲ್ಲಿಗೆ ಮದುವೆ ಮಾಡಿ ಕೊಟ್ಟಿದೀವಿ. 2018ರಲ್ಲಿ ನಮ್ಮ ಬೆಟ್ಟ ಕುಸಿದಾಗಿನ ಶಬ್ದ ಇನ್ನೂ ಕಿವಿಯಿಂದ ಹೋಗಿಲ್ಲ, ಆ ದಿನ ಇಡೀ ಕೊಡಗಿಗೆ ಬೇರೆ ಯಾವ ಸುದ್ದೀನೂ ಬೇಡ. ಅದೇ ದಿನ ಢಾಕಾದಲ್ಲಿ ಸರ್ಕಾರ ಶೋಕಾಚರಣೆ ಅಂತ ಘೋಷಿಸಿ ಕಪ್ಪು ಹಾಕ್ಕೊಳ್ಳಿ ಅಂತು. ಗುಂಡು ಹೊಡೆದೋರೇ ಶೋಕ ಮಾಡ್ತೀವಿ ಅಂದ್ರೆ ಹೇಗೆ ಒಪ್ತಾರೆ, ಜನ ಕಪ್ಪು ಬಿಟ್ಟು ಫೇಸ್‌ಬುಕ್ ಪ್ರೊಫೈಲ್ ಪೂರ್ತಿ ಕೆಂಪು ಮಾಡ್ಕೊಂಡ್ರು. ಮೇಷ್ಟ್ರುಗಳು, ಗೃಹಿಣಿಯರು, ಅಲ್ಲಿವರೆಗೆ ಒಂದು ಮಾತೂ ಆಡದೋರು. ನನ್ನ ಮಗಳೂ ಕೆಂಪು ಹಾಕಿದ್ಲು. ನಮ್ಮೂರ ಹೆಂಗಸರೆಲ್ಲ ವಯನಾಡಿಗಾ ಅಂತ ಕೇಳಿದ್ರು, ಅವಳು ಎರಡಕ್ಕೂ ಅಂತ ಉತ್ತರ ಕೊಟ್ಟಿದ್ಲು. ನನ್ನ ಅತ್ತಿಗೆ ಒಬ್ರಿಗೆ ಅದು ಇಷ್ಟ ಆಗ್ಲಿಲ್ಲ, ಬಾಂಗ್ಲಾದವ್ರಿಗೆಲ್ಲ ಯಾಕೆ ನೀನು ಅಂತ. ಮಗಳು ವಾದ ಮಾಡ್ಲಿಲ್ಲ, ಬಣ್ಣನೂ ತೆಗೀಲಿಲ್ಲ.

ಆಗಸ್ಟ್ 3 ಕೊಡವರ ಕಕ್ಕಡ ಪದಿನೆಟ್ಟ್ ಹಬ್ಬ, ನಾವು ಗೌಡ್ರು ಆಟಿ ಹದಿನೆಂಟು ಅಂತೀವಿ. ಮದ್ದು ಸೊಪ್ಪು ಕುಯ್ದು ತಂದು ಬೇಯಿಸಿ ಆ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡಿದ್ದೆ, ಮನೆಯೆಲ್ಲ ಆ ಪರಿಮಳ. ಸಂಜೆ ಮಗಳು ಫೋನಲ್ಲಿ ಹೇಳಿದ್ಲು, ಢಾಕಾದ ಶಹೀದ್ ಮಿನಾರ್ ಹತ್ರ ಜನಸಾಗರ, ಕೋಟಾ ಗೀಟಾ ಎಲ್ಲ ಬಿಟ್ಟಾಯ್ತು, ಒಂದೇ ಬೇಡಿಕೆ, ರಾಜೀನಾಮೆ. ನಹೀದ್ ಇಸ್ಲಾಂ ಅನ್ನೋ ಹುಡುಗ ಘೋಷಿಸಿದ್ದು, 26 ವರ್ಷ. ಅಷ್ಟೊತ್ತಿಗೆ ಬರೀ ವಿದ್ಯಾರ್ಥಿಗಳು ಇರ್ಲಿಲ್ಲ, ಅಪ್ಪ ಅಮ್ಮಂದಿರು, ಲಾಯರ್‌ಗಳು, ರಿಕ್ಷಾದೋರು. ಒಬ್ಬ ಸೈಕಲ್ ರಿಕ್ಷಾದವ ರಿಕ್ಷಾ ಮೇಲೆ ಹತ್ತಿ ನಿಂತು ಮೆರವಣಿಗೆ ಮಕ್ಕಳಿಗೆ ಸೆಲ್ಯೂಟ್ ಹೊಡೀತಿರೋ ಫೋಟೋ ಬಂದಿತ್ತಲ್ಲ, ಹುಡುಗ ಅದನ್ನ ತೋರಿಸ್ದ. ಮಾವ ಕನ್ನಡಕ ಏರಿಸಿ ನೋಡಿ "ಕೈ ಸರಿ ಇಲ್ಲ, ಬೆನ್ನು ಸರಿ ಉಂಟು" ಅಂದ್ರು. ಅವ್ರ ಬಾಯಿಂದ ಅದು ದೊಡ್ಡ ಮಾತು.

ಅವ್ರನ್ನ ನಿಜವಾಗಿ ಅಲುಗಾಡಿಸಿದ್ದು ಮಾರನೇ ದಿನದ ಸುದ್ದಿ. ಆಗಸ್ಟ್ 4 ಭಾನುವಾರ, ಒಂದೇ ದಿನ ನೂರರ ಹತ್ರ ಜನ ಸತ್ತ ದಿನ. ಅವತ್ತು ಬಾಂಗ್ಲಾದೇಶದ ರಿಟೈರ್ಡ್ ಮಿಲಿಟರಿ ಅಧಿಕಾರಿಗಳು, ಹಳೇ ಸೇನಾ ಮುಖ್ಯಸ್ಥ ಇಕ್ಬಾಲ್ ಕರೀಂ ಭೂಯಿಯಾಂ ಅವ್ರ ಜೊತೆ ಕೂತು, ಸೈನಿಕರನ್ನ ಬೀದಿಯಿಂದ ಬ್ಯಾರಕ್ಕಿಗೆ ವಾಪಸ್ ಕಳಿಸಿ ಅಂತ ಬಹಿರಂಗವಾಗಿ ಕೇಳ್ಕೊಂಡ್ರು. ಪೆನ್ಷನ್ ತಗೊಳ್ಳೋ ಮುದುಕರು. ಮಾವ ತುಂಬಾ ಹೊತ್ತು ಮಳೆ ನೋಡ್ತಾ ಕೂತಿದ್ರು. ಆಮೇಲೆ ಯಾರಿಗೋ ಫೋನ್ ಮಾಡಿದ್ರು, ಪೊನ್ನಂಪೇಟೆ ಕಡೆ ಇರೋ ಅವ್ರ ಪಲ್ಟನ್ನಿನ ಹಳೇ ಗೆಳೆಯರಿಗೆ, ಕೊಡವ ತಕ್‌ನಲ್ಲಿ ಒಂದು ಗಂಟೆ ಮಾತಾಡಿದ್ರು. "ಇನ್ನು ಒಂದೆರಡು ದಿನ ಅಷ್ಟೇ, ಸೈನ್ಯ ತನ್ನ ಮಕ್ಕಳ ಮೇಲೆ ಹೊಡಿಯಲ್ಲ ಅಂತ ತೀರ್ಮಾನಕ್ಕೆ ಬಂದ್ರೆ ಯಾವ ಸರ್ಕಾರವೂ ನಿಲ್ಲಲ್ಲ" ಅಂತ ನಂಗೆ ಹೇಳಿದ್ರು. ಎರಡು ದಿನ ಬೇಕಾಗ್ಲಿಲ್ಲ. ಸೋಮವಾರ ಮಧ್ಯಾಹ್ನ ಹಸೀನಾ ಹೆಲಿಕಾಪ್ಟರ್ ಹತ್ತಿದ್ರು, ಸಂಜೆ ಗಾಜಿಯಾಬಾದ್ ಹತ್ರ ಹಿಂಡನ್ ಏರ್‌ಬೇಸ್‌ನಲ್ಲಿ ಇಳಿದ್ರು.

ಮಗಳು ಫೋನಲ್ಲಿ ಅಳ್ತಾ ಇದ್ಲು, ಖುಷಿಯಲ್ಲಿ. ಮಾವ ಖುಷಿ ಪಡ್ಲಿಲ್ಲ. ಅವ್ರು ನೋಡ್ತಿದ್ದಿದ್ದು ಹಸೀನಾ ಅಪ್ಪ, ಆ ದೇಶ ಕಟ್ಟಿದ ಶೇಖ್ ಮುಜೀಬರ ಪ್ರತಿಮೆಯ ಕೊರಳಿಗೆ ಹಗ್ಗ ಹಾಕಿ ಎಳೀತಿದ್ದಿದ್ದು, ಧಾನ್‌ಮಂಡಿಯ ಅವ್ರ ಮನೆಗೆ ಬೆಂಕಿ ಹಚ್ಚಿದ್ದು. ಅವ್ರು 22ರ ವಯಸ್ಸಲ್ಲಿ ಯಾರ ಹೆಸರು ಕೇಳ್ಕೊಂಡು ಆ ಹೊಲಗಳಲ್ಲಿ ನಡೆದಿದ್ರೋ ಅವ್ರ ತಲೆ ಮೇಲೆ ಒಬ್ಬ ಹುಡುಗ ಹತ್ತಿ ಸುತ್ತಿಗೇಲಿ ಹೊಡೀತಿದ್ದ. ಮಾವ ಅತ್ತಿದ್ದನ್ನ ನಾನು ನೋಡಿಲ್ಲ, ಅತ್ತೆ ತೀರ್ಕೊಂಡಾಗಲೂ ಅತ್ತಿರ್ಲಿಲ್ಲ, ಅವತ್ತು ಕಣ್ಣು ತುಂಬಿತ್ತು. ಊಟ ಬೇಡ ಅಂದ್ರು. ರಾತ್ರಿ ಹಾಲು ಕೊಡ್ಲಿಕ್ಕೆ ಹೋದಾಗ ಹೇಳಿದ್ರು, "ಬೇರೆ ಯಾರೂ ಬಾಯಿ ಬಿಡ್ಬಾರ್ದು ಅಂತ ಅಪ್ಪನ ಹೆಸರನ್ನ ಲಾಠಿ ಮಾಡಿದ್ಲು. ಮಕ್ಕಳಿಗೆ ಗೊತ್ತಿರೋದು ಲಾಠಿ ಮಾತ್ರ, ಅಪ್ಪ ಗೊತ್ತಿಲ್ಲ." ನಾನು ಇದನ್ನ ಅವತ್ತೇ ಡೈರೀಲಿ ಬರೆದಿಟ್ಕೊಂಡೆ.

ನಂಗೂ ಅವತ್ತು ಎಲ್ಲಾ ಹಿತ ಆಗ್ಲಿಲ್ಲ. ಪ್ರಧಾನಿ ಮನೆಗೆ ನುಗ್ಗಿ ಮೀನು ಬಾತುಕೋಳಿ ಕುರ್ಚಿ ಹೊತ್ಕೊಂಡು ಹೋದ್ರಲ್ಲ, ಅದು ಜನರ ಸಿಟ್ಟು ಅಂತ ಬಿಡ್ಬಹುದು. ಆದ್ರೆ ಆಕೆಯ ಒಳಉಡುಪನ್ನ ಎತ್ತಿ ಹಿಡಿದು ಗಂಡಸರು ಹಲ್ಲು ಕಿರಿದ ಫೋಟೋ ನೋಡಿ ಮೈ ಉರೀತು. ಆಕೆ ಎಷ್ಟೇ ಕೆಟ್ಟ ಆಡಳಿತ ಮಾಡಿರ್ಲಿ, ಅದು ಆಕೆಗೊಬ್ಬಳಿಗೆ ಮಾಡಿದ್ದಲ್ಲ, ಗೇಟಿನ ಬೀಗ ಒಡೆದು ಬಂದ ಆ ಹುಡ್ಗೀರಿಗೂ ಮಾಡಿದ್ದೇ. ಮಗಳೂ ಇದನ್ನೇ ಅಂದ್ಲು.

ಆಮೇಲಿನ ದಿನಗಳಲ್ಲಿ ನಮ್ಮ ಕಡೆ ಮಾತು ಪೂರ್ತಿ ತಿರುಗ್ತು. ಹಿಂದೂಗಳ ಮನೆ ಮೇಲೆ ದಾಳಿ ಆಗ್ತಿದೆ ಅನ್ನೋದು. ಆಗಿದ್ದು ನಿಜ, ಮನೆ ಅಂಗಡಿ ದೇವಸ್ಥಾನ ಸುಟ್ಟಿದ್ದು ನಿಜ, ಅದನ್ನ ಸಣ್ಣದು ಮಾಡಿ ಹೇಳೋರ ಜೊತೆ ನಾನಿಲ್ಲ. ದೇವಸ್ಥಾನದ ಮುಂದೆ ರಾತ್ರಿಯಿಡೀ ಕಾವಲು ಕೂತ ಮುಸ್ಲಿಂ ಹುಡುಗರಿದ್ದಿದ್ದೂ ನಿಜ, ಪೊಲೀಸರೇ ಇಲ್ಲದ ಊರಲ್ಲಿ ಟ್ರಾಫಿಕ್ ನೋಡ್ಕೊಂಡ ಕಾಲೇಜು ಮಕ್ಕಳು ಇದ್ದಿದ್ದೂ ನಿಜ. ನಮ್ಮ ಗ್ರೂಪಿಗೆ ಇದು ಬರ್ಲಿಲ್ಲ. ಬಂದಿದ್ದು ಕ್ರಿಕೆಟರ್ ಲಿಟನ್ ದಾಸ್ ಮನೆ ಸುಟ್ರು ಅಂತ ಒಂದು ವಿಡಿಯೋ, ಅದು ಮಶ್ರಫೆ ಮೊರ್ತಾಜಾ ಮನೆ, ಹಸೀನಾ ಪಕ್ಷದ ಎಂಪಿ ಆಗಿದ್ದ ಅಂತ ಸುಟ್ಟಿದ್ದು. ನಾನು ಹಾಗಂತ ಬರೆದೆ. ಒಬ್ರೂ ಉತ್ತರ ಕೊಡ್ಲಿಲ್ಲ, ಇಬ್ರು ಫೋನ್ ಮಾಡಿ ನಿಂಗ್ಯಾಕೆ ಅದೆಲ್ಲ ಅಂದ್ರು. ಇನ್ನು ಕೆಲವ್ರು ಇದೆಲ್ಲ ಅಮೆರಿಕಾದ್ದು, ಪಾಕಿಸ್ತಾನದ್ದು ಅಂತ. ಎದೆ ಅಗಲ ಮಾಡಿ ನಿಂತ ಆ ಹುಡುಗ ಯಾರ ಹತ್ರ ದುಡ್ಡು ತಗೊಂಡು ನಿಂತ ಅಂತ ಇವ್ರು ಒಂದು ಸಲ ಯೋಚ್ನೆ ಮಾಡ್ಲಿ.

ಇಷ್ಟೆಲ್ಲ ಬರೆದಿದ್ದು ಆಗಸ್ಟ್ 11ರ ಭಾನುವಾರದ್ದನ್ನ ಹೇಳ್ಲಿಕ್ಕೆ. ಸಿದ್ದಾಪುರ ಸಂತೆ. ಭಾನುವಾರ ತೋಟದ ಹುಡುಗರೆಲ್ಲ ಬರ್ತಾರೆ, ರಸ್ತೇಲಿ ಕಾಲಿಡಕ್ಕಾಗಲ್ಲ, ಒಣಮೀನು, ಮೊಬೈಲ್ ಕವರ್, ರಾಶಿ ಬಟ್ಟೆ. ನಾನು ತರಕಾರಿ ತಗೊಳ್ತಿದ್ದೆ. ಹತ್ತು ಹೆಜ್ಜೆ ದೂರದಲ್ಲಿ ನಮ್ಮ ಹುಡುಗನ್ನ ನಾಲ್ಕು ಜನ ಸುತ್ತುವರೆದಿದ್ರು. ನೀನು ಯಾವ ದೇಶದವ, ಆಧಾರ್ ತೋರ್ಸು, ಬಂಗಾಳಿ ಮಾತಾಡು ನೋಡುವ, ಒಬ್ಬ ಫೋನಲ್ಲಿ ವಿಡಿಯೋ ಮಾಡ್ತಿದ್ದ. ಆ ನಾಲ್ವರಲ್ಲಿ ಇಬ್ರು ನಂಗೆ ಪರಿಚಯ, ಹಬ್ಬಕ್ಕೆ ಮನೆಗೆ ಬರೋರು. ಹುಡುಗ ಜೇಬಿಂದ ಪ್ಲಾಸ್ಟಿಕ್ ಕವರ್ ತೆಗೆದು ಒಂದೊಂದೇ ಕಾಗದ ತೋರಿಸ್ತಿದ್ದ. ಅವ್ನು ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡ್ದ. ನಾನು ಬಾಯಿ ಬಿಡ್ಲಿಲ್ಲ. ಇವ್ನು ನಮ್ಮ ತೋಟದವ, ಬಿಡಿ ಅಂತ ಅಷ್ಟು ಹೇಳಿದ್ರೆ ಮುಗೀತಿತ್ತು. ನಾನು ಬದನೆಕಾಯಿ ಆರಿಸ್ತಾ ನಿಂತೆ. ಒಂದು ತಿಂಗಳು ದಿನಾ ಆ ಮಕ್ಕಳ ಧೈರ್ಯ ನೋಡಿ ಕಣ್ಣೊರೆಸ್ಕೊಂಡೋಳು ನಾನು.

ಅವ್ರು ಬಿಟ್ರು, ಕಾಗದ ಸರಿ ಇತ್ತು. ಅವ್ನು ಏನೂ ತಗೊಳ್ದೆ ಜೀಪಿನ ಹಿಂದೆ ಬಂದು ಕೂತ. ದಾರೀಲಿ ನಂಗೆ ಮಾತಾಡಕ್ಕಾಗ್ಲಿಲ್ಲ. ಮನೆ ಹತ್ರ ಇಳಿಯುವಾಗ ಅವನೇ ಹೇಳಿದ. 2019ರಲ್ಲಿ ಅಸ್ಸಾಮಲ್ಲಿ ಎನ್‌ಆರ್‌ಸಿ, ಅಂದ್ರೆ ಈ ದೇಶದ ಪೌರರು ಯಾರು ಅನ್ನೋದರ ಕೊನೇ ಪಟ್ಟಿ ಬಂದಾಗ 19 ಲಕ್ಷ ಜನರ ಹೆಸರು ಬಿಟ್ಟೋಯ್ತಲ್ಲ, ಅದರಲ್ಲಿ ಅವನ ಅಮ್ಮನೂ ಒಬ್ರು. ಅಪ್ಪನ ಹೆಸರುಂಟು, ಅವನದ್ದುಂಟು, ಅಮ್ಮಂದಿಲ್ಲ. ಅದಕ್ಕೇ ಎಲ್ಲಾ ಕಾಗದ ಜೊತೇಲಿ ಇಟ್ಕೊಂಡೇ ಓಡಾಡ್ತೀನಿ ದೀದಿ, ಮಲಗುವಾಗ್ಲೂ ತಲೆ ಅಡೀಲಿ ಅಂದ. ಢಾಕಾ ಅವ್ನು ನೋಡೇ ಇಲ್ಲ. ನಂಗೆ ಅವತ್ತು ಅರ್ಥ ಆಯ್ತು, ಅವ್ನು ದಿನಾ ಆ ವಿಡಿಯೋ ನೋಡ್ತಿದ್ದಿದ್ದು ನಾನು ನನ್ನ ಮಗಳು ನೋಡ್ತಿದ್ದ ಹಾಗಲ್ಲ, ಮಳೆಗಾಲದಲ್ಲಿ ನಾವು ಬರೆ, ಅಂದ್ರೆ ಕಡಿದ ಗುಡ್ಡದ ಕಡೆ ನೋಡ್ತಾ ಇರ್ತೀವಲ್ಲ, ಬಿರುಕು ಬಿಟ್ಟಿದೆಯಾ ಅಂತ, ಹಾಗೆ.

ಮಾವಂಗೆ ನಾನೇ ಹೇಳಿದೆ, ನಾನು ಸುಮ್ನಿದ್ದಿದ್ದನ್ನೂ ಬಿಡದೆ. ಅವ್ರು ಬೈದಿದ್ರೆ ಸಮಾಧಾನ ಆಗ್ತಿತ್ತು, ಬೈಲಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಸ್ವೆಟರ್ ಹಾಕಿ ಹಳೇ ಪಲ್ಟನ್ ಟೋಪಿ ಹಾಕ್ಕೊಂಡು ಜೀಪಿನ ಮುಂದೆ ಬಂದು ಕೂತ್ರು, ಮಂಡಿ ನೋವು ಅಂತ ಆರು ತಿಂಗಳಿಂದ ಸಂತೆಗೆ ಬಂದೋರಲ್ಲ. ಹುಡುಗನ್ನ ಕರೆದ್ರು. ಸಂತೇಲಿ ಅವನ ಭುಜ ಹಿಡ್ಕೊಂಡು ನಿಧಾನ ನಡೆದ್ರು, ಒಣಮೀನಿನ ಅಂಗಡಿ, ಬಟ್ಟೆ ಅಂಗಡಿ, ಆ ದಿನ ಆ ನಾಲ್ವರು ನಿಂತಿದ್ದ ಟೀ ಅಂಗಡಿ. ಅಲ್ಲಿ ಮೂರು ಟೀ ಹೇಳಿ ಬೆಂಚಲ್ಲಿ ಕೂತ್ರು. ಪರಿಚಯದವ ಒಬ್ಬ ಬಂದು ಏನ್ ಸುಬೇದಾರ್ರೇ ಅಪರೂಪಕ್ಕೆ ಅಂದ. ಭುಜ ಹಿಡಿಲಿಕ್ಕೆ ಒಬ್ಬ ಬೇಕಲ್ಲ, ಕರ್ಕೊಂಡು ಬಂದೆ ಅಂದ್ರು ಮಾವ. ಬೇರೆ ಮಾತು ಎತ್ತಲೇ ಇಲ್ಲ.

ಸತ್ತೋರ ಲೆಕ್ಕ ಆಮೇಲೆ ಬಂತು, ವಿಶ್ವಸಂಸ್ಥೆಯವ್ರು 2025ರ ಫೆಬ್ರವರೀಲಿ ಕೊಟ್ಟ ವರದೀಲಿ 1,400ರವರೆಗೆ ಇರ್ಬಹುದು ಅಂದ್ರು. ಅದರಲ್ಲಿ ಚಿಕ್ಕ ಮಕ್ಕಳೂ ಇದ್ರು, ಪೊಲೀಸರೂ ಇದ್ರು. ಅದೇ ತಿಂಗಳು ಮುಜೀಬರ ಮನೆಯ ಉಳಿದ ಗೋಡೆಗಳನ್ನೂ ಬುಲ್ಡೋಜರ್ ತಂದು ಕೆಡವಿದ್ರು, ಆ ಸುದ್ದಿ ಮಾವಂಗೆ ನಾವು ಹೇಳ್ಲಿಲ್ಲ, ಅವ್ರಿಗೆ ಹೇಗೋ ಗೊತ್ತಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳ. 26 ಆ್ಯಪ್ ಬಂದ್ ಮಾಡಿದ್ರು ಅಂತ ಶುರುವಾಗಿ ಮೊದಲ ದಿನವೇ 19 ಜನ ಸತ್ರು, ಮಾರನೇ ದಿನ ಪ್ರಧಾನಿ ಓಲಿ ರಾಜೀನಾಮೆ. ನಮ್ಮ ಗ್ರೂಪಲ್ಲಿ ಮತ್ತೆ ಅದೇ ಮಾತುಗಳು, ಹೆಸರು ಮಾತ್ರ ಬೇರೆ. ಮೊಬೈಲ್ ಇಲ್ದಿದ್ರೆ ಬದುಕಕ್ಕಾಗಲ್ಲ ಈಗಿನ ಮಕ್ಕಳಿಗೆ ಅಂತ ಒಬ್ರು ಹಾಕಿದ್ರು, ಸತ್ತ ಮಕ್ಕಳ ಫೋಟೋ ಕೆಳಗೆ. ಈ ಸಲ ನಾನು ಸುಮ್ನಿರ್ಲಿಲ್ಲ, ಉದ್ದಕ್ಕೆ ಬರೆದೆ, ಈಗ ಆ ಗ್ರೂಪಲ್ಲಿ ನಾನಿಲ್ಲ.

ತೀರ್ಪಿನ ದಿನ ಸಂಜೆ ಹುಡುಗ ಬಂದ, ಆ ವರ್ಷದ ಕುಯ್ಲಿಗೆ ಊರಿಂದ ವಾಪಸ್ ಬಂದು ಹತ್ತು ದಿನ ಆಗಿತ್ತು ಅಷ್ಟೇ. ಮಗಳೂ ಮನೇಲಿದ್ಲು. ಗಲ್ಲು ಸರಿಯಾ ತಪ್ಪಾ ಅಂತ ಅವಳು ಮತ್ತೆ ಮಾವ ಮಾತಾಡ್ತಿದ್ರು, ಮಾವಂಗೆ ಗಲ್ಲು ಒಪ್ಪಿಗೆ ಇಲ್ಲ, ಮಗಳಿಗೂ ಇಲ್ಲ, ಆದ್ರೆ ಶಿಕ್ಷೆಯೇ ಬೇಡ ಅನ್ನೋ ಮಾತನ್ನ ಇಬ್ರೂ ಕೇಳಲ್ಲ. ಹುಡುಗ ಕಂಬಕ್ಕೆ ಒರಗಿ ಟೀ ಕುಡೀತಾ ಕೇಳಿಸ್ಕೊಳ್ತಿದ್ದ. ನೀನೆಂತ ಹೇಳ್ತಿ ಅಂತ ಮಗಳು ಕೇಳಿದ್ಲು. ಅವ್ನು ಲೋಟ ಕೆಳಗಿಟ್ಟು ನನ್ನ ಕಡೆ ನೋಡಿ "ದೀದಿ, ಈ ಭಾನುವಾರ ಸಂತೆಗೆ ಹೋಗ್ಬಹುದಾ?" ಅಂದ.

ಒಟ್ಟಿಗೇ ಹೋಗುವ ಅಂದೆ. 23ನೇ ತಾರೀಕು ಹೋದೆವು. ಅವ್ನು ಅಮ್ಮನಿಗೆ ಕಳಿಸ್ಲಿಕ್ಕೆ ಒಂದು ಸ್ವೆಟರ್ ತಗೊಂಡ, ಕಂದು ಬಣ್ಣದ್ದು, ಅಳತೆಗೆ ನನ್ನ ಭುಜದ ಮೇಲೆ ಇಟ್ಟು ನೋಡಿದ.